ಅಡ್ಡಗಾಲು

ಟಕ್ ಟಕ್ ಟಕ್, ಆಸ್ಪತ್ರೆಯ ಪರದೆಯಾಚೆ ಮೇಜಿನ ಮೇಲೆ ಬೆರಳು ಬಡಿಯುವ ಸದ್ದು, ಶುರುವಿಗೆ ಜೋರು, ಹೋಗ್ತಾ ಹೋಗ್ತಾ ಸಣ್ಣದು, ಅದು ರೈಲಿನವರದ್ದೇ, ನೋಡದೆಯೂ ಗೊತ್ತಾಗುತ್ತದೆ. ನನ್ನ ಬೆರಳು ಹಾಗಲ್ಲ, ಮೊದಲಿಂದ ಕೊನೆವರೆಗೂ ಒಂದೇ ಸಮ ಸೋತಿರುತ್ತದೆ, ಒದ್ದೆ ಬಟ್ಟೆ ಬಿದ್ದ ಹಾಗೆ. ಅದಕ್ಕೇ ನಮ್ಮಿಬ್ಬರನ್ನೂ ಒಂದೇ ದಿನ ಕರೆಸುವುದು, ಎರಡೂ ನರದ ಕಾಯಿಲೆ, ಕೈಕಾಲು ಕೆಡೋ ರೀತಿ ಬೇರೆ, ಹೋಲಿಸಿ ನೋಡ್ಬೇಕು ಮೇಡಂ, ಎಂದಿದ್ದಳು ಡಾಕ್ಟರ್ ಹುಡುಗಿ — ನೋಡಲಿ, ಅವಳಿಗಿಂತ ಮೊದಲೇ ಹೋಲಿಸಿಕೊಂಡು ಕೂತವಳು ನಾನು. ಬದುಕಿಡೀ ರೈಲು ಓಡಿಸಿದ ಹಿರಿಯರು, ಕೈ ನಡುಗುತ್ತದೆ ಆದರೆ ಹಿಡಿತ ಕಬ್ಬಿಣ, ಕಾಲು ಮಾತ್ರ ಇದ್ದಕ್ಕಿದ್ದಂತೆ ನೆಲಕ್ಕೆ ಅಂಟಿಕೊಳ್ಳುತ್ತದೆ. ನನಗೆ ಕಾಲು ಗಟ್ಟಿ, ಕೈಯ ಮಾಂಸ ಕರಗುತ್ತಿದೆ, ಹೆಬ್ಬೆರಳ ಬುಡದಲ್ಲಿ ಗುಳಿ, ಮತ್ತು ಇದು ಕೈಗೇ ನಿಲ್ಲುವುದಿಲ್ಲವಂತೆ, ಅವರಾದರೋ ವರ್ಷಗಟ್ಟಲೆ ದೂಡಬಹುದಂತೆ. ಮೊದಲ ದಿನ ಎಂಥ ಹೊಟ್ಟೆಕಿಚ್ಚು ನನಗೆ, ಕಾಯಿಲೆ ಕಂಡೂ ಹೊಟ್ಟೆ ಉರಿದುಕೊಳ್ಳುತ್ತಾರಾ ಯಾರಾದರೂ, ನಾನು ಉರಿದುಕೊಂಡೆ. ಚೀಲದಲ್ಲಿ ನಾನು ಈಜು ಕಲಿಸುವ ಕೊಳದ ಕೀಲಿ, ಸಂಜೆ ವಾಪಸ್ ಕೊಡಬೇಕು, ಸಾಕು ಕಣೇ, ನೀನೇ ಮುಳುಗಿದ್ರೆ ಯಾರೇ ಎತ್ತೋರು ಅಂತ ಅಕ್ಕ, ಆಯ್ತಕ್ಕ ಅಂತ ನಾನು — ಎಷ್ಟು ಮಕ್ಕಳ ಬೆನ್ನಡಿ ಅಂಗೈ ಇಟ್ಟು ತೇಲಿಸಿದ್ದೇನೆ, ಈಗ ಆ ಅಂಗೈ ಮೇಲೆ ಒಂದು ಲೋಟವೂ ನಿಲ್ಲುವುದಿಲ್ಲ.

ನಡಿಗೆ ನೋಡೋಣ ಬನ್ನಿ ಸರ್, ಆಚೆ ಕೋಣೆಯಿಂದ ಡಾಕ್ಟರ್ ಹುಡುಗಿಯ ಕರೆ, ರೈಲಿನವರು ಪರದೆ ಸರಿಸಿ ಹೊರಟರು, ಚೆನ್ನಾಗಿಯೇ ಬಂದವರು ಬಾಗಿಲಿಗೆ ಬಂದದ್ದೇ ನಿಂತುಬಿಟ್ಟರು. ಹೆಂಡತಿ ತೋಳು ಹಿಡಿದು ಎಳೆಯುತ್ತಿದ್ದಾರೆ, ನಡೀರಿ, ಹಿಂದೆ ಜನ ಇದ್ದಾರೆ ಅಂತ, ಸಿಗ್ನಲ್ ಬಿದ್ದಿಲ್ಲ ಕಣೇ ಅಂತ ಇವರು, ಎಲ್ಲರೂ ನಕ್ಕರು, ಅವರೂ ನಕ್ಕರು, ಹಣೆಯಲ್ಲಿ ಮಾತ್ರ ಬೆವರು, ಪಾದ ಸಣ್ಣಗೆ ಅದುರುತ್ತಿದೆ, ಏಳುತ್ತಿಲ್ಲ — ಈ ನಿಲುವು ನನಗೆ ಗೊತ್ತಲ್ಲ, ಕೊಳದ ಅಂಚಿನಲ್ಲಿ ಕಾಲು ಕಟ್ಟಿಹೋದ ಮಕ್ಕಳು, ಎಳೆದರೆ ಇನ್ನೂ ಬಿಗಿಯುತ್ತಾರೆ, ಕಣ್ಣಿಗೆ ಏನಾದರೂ ಗುರಿ ಕೊಡಬೇಕು, ಎದ್ದೆ, ಹೋದೆ, ಅವರ ಬೂಟಿನ ಮುಂದೆ ನನ್ನ ಪಾದ ಅಡ್ಡ ಇಟ್ಟೆ. ಏನಮ್ಮಾ, ಅಡ್ಡಗಾಲು ಹಾಕ್ತೀಯಾ. ಹೂಂ, ಹಾಕ್ತೀನಿ, ದಾಟಿ. ಬಿದ್ರೆ? ಕೈ ಹಿಡಿಯೋಕೆ ನನ್ನಿಂದಾಗಲ್ಲ, ಅದಕ್ಕೇ ಬೀಳ್ಬೇಡಿ. ಬೂಟು ಎದ್ದಿತು. ನನ್ನ ಪಾದದ ಮೇಲೆ ಹಾದು ಆಚೆ ಇಳಿಯಿತು, ಹಿಂದೆಯೇ ಇನ್ನೊಂದು, ಆಮೇಲೆ ರೈಲು ಹೊರಟೇಹೋಯಿತು, ಹೆಂಡತಿ ಹಿಂದೆ ಹಿಂದೆ ಓಡಬೇಕಾಯಿತು. ನಾವೂ ಇದನ್ನ ಕಲಿಸ್ತೀವಿ ಮೇಡಂ, ನೆಲಕ್ಕೆ ಗೆರೆ ಹಾಕ್ತೀವಿ, ಎಂದಳು ಡಾಕ್ಟರ್ ಹುಡುಗಿ, ನಿಮ್ಮದು ಗೆರೆಗಿಂತ ವಾಸಿ. ರೈಲಿನವರು ವಾಪಸ್ ಬಂದು ಪಕ್ಕದಲ್ಲಿ ಕೂತು ನನ್ನ ನೀರಿನ ಬಾಟಲಿಯ ಮುಚ್ಚಳ ಒಂದೇ ತಿರುವಿಗೆ ತೆಗೆದರು, ನಡುಗುವ ಕೈಯಲ್ಲೇ ಕುಡಿಸಿದರು, ಅರ್ಧ ನಿಂಗೆ, ಅರ್ಧ ನೆಲಕ್ಕೆ, ಆಗ್ಬಹುದಾ? ಆಗಬಹುದು, ಎಂದೆ, ಕತ್ತೆಲ್ಲ ಒದ್ದೆ, ಎಷ್ಟು ದಿನವಾಗಿತ್ತು ಹೀಗೆ ನಕ್ಕು.

ಗೆಣ್ಣಿನಿಂದ ಫೋನ್ ಒತ್ತಿದೆ, ಅಕ್ಕ, ಕೀಲಿ ಕೊಡಲ್ಲ. ಹುಚ್ಚೇನೇ, ಮಕ್ಕಳನ್ನ ಎತ್ತಿ ಹಿಡಿಯೋರ್ಯಾರು. ನೀನು. ನಂಗೆ ನೀರಂದ್ರೆ ಭಯ ಕಣೇ. ಗೊತ್ತು, ಮೆಟ್ಟಿಲ ಮೇಲೆ ನಿಂತ್ಕೋ, ಸೊಂಟದವರೆಗೆ ಸಾಕು, ಕೈ ನಿಂದು, ಮಾತು ನಂದು — ಅತ್ತಲಿಂದ, ಎಷ್ಟು ಗಂಟೆಗೆ ಬರ್ಲಿ. ಕಾಲೂ ಹೋಗುತ್ತದೆ, ಗೊತ್ತು, ಮಾತೂ ಹೋಗಬಹುದು, ಹೋಗುವವರೆಗೆ ನನ್ನವೇ, ಆಮೇಲಿನದಕ್ಕೆ ಆಮೇಲೆ ಏನಾದರೂ, ಇವತ್ತು ಸಂಜೆ ಕೊಳ, ಆ ಹೆದರುಪುಕ್ಕಲಿ ಅಕ್ಕನನ್ನೇ ಮೊದಲು ನೀರಿಗಿಳಿಸಬೇಕು, ಹೇಗೆ ಇಳಿಸಲಿ, ಬೈದರೆ ಅಳುತ್ತಾಳೆ, ಮುಂದೆ ನಾನೇ ಪಾದ ಅಡ್ಡ ಇಟ್ಟು — ಆ ಬೂಟು, ಹಿಮ್ಮಡಿ ಮೊದಲು ಎದ್ದದ್ದು, ನನ್ನ ಪಾದದ ಮೇಲೆ ಒಂದು ಗಳಿಗೆ ಗಾಳಿಯಲ್ಲಿ, ಆ ಕರಿ ಬೂಟು, ಗಾಳಿಯಲ್ಲಿ