ಕರೆಂಟು ಹೋದಾಗ ಏಳದ ಕೂಸು

ನಮ್ಮ ಬೀದಿಯ ಕೂಸುಗಳು ಸದ್ದಾದರೆ ಏಳುವುದಿಲ್ಲ, ಸದ್ದು ನಿಂತರೆ ಏಳುತ್ತವೆ. ದೊಡ್ಡಬಳ್ಳಾಪುರದ ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಗೋಡೆಯ ಆಚೆ ನಾಲ್ಕು ಮಗ್ಗ ಧಡಧಡ ಹೊಡೆದುಕೊಳ್ಳುತ್ತಿದ್ದರೆ ಈಚೆ ತೊಟ್ಟಿಲಲ್ಲಿ ಕೂಸು ಹಾಯಾಗಿ ಮಲಗಿರುತ್ತದೆ. ಕರೆಂಟು ಹೋಗಿ ಮಗ್ಗ ನಿಂತಿತೋ, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಅಳು. ಹೊಟ್ಟೆಯೊಳಗೆ ಒಂಬತ್ತು ತಿಂಗಳು ಅದೇ ಸದ್ದು ಕೇಳಿಕೊಂಡು ಬಂದವು, ಇನ್ನೇನು ಮಾಡಿಯಾವು. ನನ್ನ ಮಗಳು ಅಕ್ಷತ ಹೀಗೇ ಬೆಳೆದವಳು. ಮೂವತ್ತು ವರ್ಷ ಮಗ್ಗ ಓಡಿಸಿದ ನನಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದನ್ನು ಹೇಳದೆ ವಿಧಿಯಿಲ್ಲ.

ಅಕ್ಷತ ಚೊಚ್ಚಲ ಬಾಣಂತನಕ್ಕೆಂದು ಏಳನೇ ತಿಂಗಳಿಗೇ ನಮ್ಮ ಮನೆಗೆ ಬಂದಾಗ, ನಮ್ಮೂರ ಹತ್ತಿರದ ವಿಮಾನ ನಿಲ್ದಾಣ ಶುರುವಾಗಿ ನಾಲ್ಕು ವರ್ಷವಾಗಿತ್ತು. ಅಳಿಯ ಗೋವಿಂದರಾಜುಗೆ ಅಲ್ಲೇ ಸರಕು ಇಳಿಸುವ ಕಡೆ ಕೆಲಸ. ಹುಟ್ಟಿದ್ದು ಹೆಣ್ಣು ಕೂಸು. ಹಿಮ್ಮಡಿಗೆ ಚುಚ್ಚಿ ರಕ್ತ ತೆಗೆದು, ಥೈರಾಯ್ಡು ಗೀರಾಯ್ಡು ಎಲ್ಲ ಸರಿಯಿದೆ ಎಂದು ಆಸ್ಪತ್ರೆಯವರು ಚೀಟಿ ಕೊಟ್ಟರು. ಆ ಚೀಟಿಯನ್ನು ನಾನು ವೆಂಕಟರಮಣನ ಪಟದ ಹಿಂದೆ ಸಿಕ್ಕಿಸಿಟ್ಟೆ. ಮೊದಲ ವಾರಗಳಲ್ಲಿ ಕೂಸು ಬೀದಿಯ ಎಲ್ಲ ಕೂಸುಗಳಂತೆಯೇ ಇತ್ತು. ಕರೆಂಟು ಹೋದರೆ ಎದ್ದು ಮನೆಯೆಲ್ಲ ಕೇಳುವಂತೆ ಅರಚುತ್ತಿತ್ತು.

ತಿಂಗಳು ತುಂಬುವ ಹೊತ್ತಿಗೆ ಮೈಮೇಲೆ ಕೆಂಪು ಚುಕ್ಕೆಗಳು ಎದ್ದವು. ತೊಡೆಯಲ್ಲಿ ಎರಡು, ಬೆನ್ನಲ್ಲಿ ಮೂರು, ಕಿವಿಯ ಹಿಂದೆ ಒಂದು, ಹೊಕ್ಕುಳ ಪಕ್ಕ ಒಂದು. ನನ್ನ ಹೆಂಡತಿ ಕದಿರಮ್ಮ ಎಣಿಸಿ, ಅಮ್ಮನವರೇ ಬಂದು ಕುಂಕುಮ ಇಟ್ಟು ಹೋಗಿದ್ದಾಳೆ ಎಂದಳು. ನನಗೂ ಹೌದೆನ್ನಿಸಿತು. ಆಮೇಲೆ ಕೂಸು ಮೆತ್ತಗಾಯಿತು. ಹಾಲಿಗೂ ಎಬ್ಬಿಸಬೇಕು. ಮೂರು ದಿನಕ್ಕೊಮ್ಮೆ ಕಕ್ಕ. ಕರೆಂಟು ಹೋದರೂ ಅಲುಗುವುದಿಲ್ಲ. ಟೀ ಅಂಗಡಿಯಲ್ಲಿ ಕೂತು ನಾನು ಇದನ್ನೇ ಕೊಚ್ಚಿಕೊಂಡೆ.

"ನಮ್ಮ ಮೊಮ್ಮಗಳು ರಾಣಿ ಕಣ್ರಯ್ಯಾ. ನಿಮ್ಮನೆ ಕೂಸುಗಳ ಥರ ಊರು ಎಬ್ಬಿಸಲ್ಲ."

ಕೂಸಿಗೆ ನೀರು ಹುಯ್ಯಲು ಬರುತ್ತಿದ್ದವಳು ಪಾಪಕ್ಕ. ಬೀದಿಯ ಅರ್ಧ ಮಂದಿ ಅವಳ ಕಾಲಮೇಲೆ ಮಲಗಿ ಮಿಂದವರೇ. ಕಾಲು ನೀಡಿ ಕೂತು, ಕೂಸನ್ನು ಮಲಗಿಸಿಕೊಂಡು, ಎಣ್ಣೆ ನೀವಿ, ಹದ ಬಿಸಿನೀರು ಹುಯ್ಯುತ್ತಿದ್ದಳು. ಅವಳಿಗೊಬ್ಬ ಮಗ, ಮುನಿಶಾಮಪ್ಪ. ಮೂವತ್ತರ ಗಂಡಸು, ಬೆಳಗಿನಿಂದ ಸಂಜೆವರೆಗೆ ಜಗಲಿಯ ಮೇಲೆ ಕೂತೇ ಇರುತ್ತಾನೆ. ಮಾತಿಲ್ಲ, ನಗು ಮಾತ್ರ. "ಏನಪ್ಪಾ ಮುನಿಶಾಮಪ್ಪ, ಮದುವೆ ಯಾವಾಗ?" ಎಂದು ದಿನಾ ಹೋಗುವಾಗ ಬರುವಾಗ ಕೇಳುವುದು ನನ್ನ ಚಾಳಿ.

ಕೂಸಿಗೆ ಆರು ವಾರವಾಗಿದ್ದಾಗ ಪಾಪಕ್ಕ ಬಚ್ಚಲಿನಿಂದ ಎದ್ದು ಬಂದವಳು ನಾನು ಮಗ್ಗದ ಲಾಳಿ ರಿಪೇರಿ ಮಾಡುತ್ತಿದ್ದ ಕಡೆ ನಿಂತಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದಳು.

"ಆದಿನಾರಾಯಣಣ್ಣ, ಕೂಸಿನ ಹೊಟ್ಟೆ ಬಲಗಡೆ ಗಟ್ಟಿಯಾಗೈತೆ. ನಾನು ನೀವ್ತಾ ಇಲ್ಲ. ಕೈ ಇಡಕ್ಕೇ ಭಯ ಆಯ್ತದೆ."

"ಹಾಲು ಕುಡಿಯೋ ಹೊಟ್ಟೆ, ಗುಂಡಗಿರದೆ ಇನ್ನೆಂಗಿರ್ತದೆ."

"ನೀರು ಹುಯ್ದ್ರೂ ಅಳಲ್ಲ ಅಣ್ಣ. ನೀರಿಗೆ ಅಳದಿರೋ ಕೂಸ ನಾನು ಈ ಕೈಯಾಗೆ ಎರಡೇ ನೋಡಿರಾದು. ಆ ಎರಡೂ..."

ನನಗೆ ರೇಗಿಹೋಯಿತು. ತುಂಬಿದ ಮನೆಯಲ್ಲಿ, ಬಾಣಂತಿಯ ಕಿವಿಗೆ ಬೀಳುವಂತೆ ಇಂಥ ಮಾತು.

"ಬಾಯಲ್ಲಿ ಒಳ್ಳೇದು ಬರಲ್ವ ನಿಂಗೆ? ನಾಳೆಯಿಂದ ಬರಬೇಡ. ನಮ್ಮನೆಯೋಳೇ ನೀರು ಹುಯ್ತಾಳೆ."

ಪಾಪಕ್ಕ ಅಡುಗೆಮನೆ ಕಡೆಯಿಂದ ಹೊರಟುಹೋದಳು. ಅಂದು ಸಂಜೆ ಅಕ್ಷತ ಕೂಸನ್ನು ಎದೆಗವಚಿಕೊಂಡು ಬಂದಳು. "ಅಪ್ಪ, ಒಂದ್ಸಲ ಡಾಕ್ಟ್ರಿಗೆ ತೋರ್ಸೋಣ. ಇವಳು ಮೊದಲಿನ ಥರ ಇಲ್ಲ. ಅತ್ರೂ ಗಂಟಲು ಕಟ್ಟಿದಂಗೆ ಅಳ್ತಾಳೆ."

ಮೂರು ತಿಂಗಳು ತುಂಬದೆ ಬಾಣಂತಿ ಹೊಸಲು ದಾಟಬಾರದು ಎಂದೆ. ಪಟದ ಹಿಂದಿನ ಚೀಟಿ ತೆಗೆದು ಅವಳ ಮುಖಕ್ಕೆ ಹಿಡಿದೆ. ಇದರಲ್ಲಿ ಏನು ಬರೆದಿದೆ ಓದು, ಓದಿದವಳಲ್ಲವೇ ನೀನು ಎಂದು ಚುಚ್ಚಿದೆ. ಅಕ್ಷತ ತಲೆ ತಗ್ಗಿಸಿ ಒಳಗೆ ಹೋದಳು. ಗೋವಿಂದರಾಜು ವಾರಕ್ಕೊಮ್ಮೆ ಬಂದು ಹೋಗುವವನು. ಮಾವ ಇಷ್ಟು ಗಟ್ಟಿಯಾಗಿ ಹೇಳುವಾಗ ಅವನೇನು ಹೇಳಿಯಾನು.

ಹತ್ತೊಂಬತ್ತು ದಿನ ಹೀಗೇ ಕಳೆದವು.

ಏಪ್ರಿಲ್ ಬಿಸಿಲು. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಕರೆಂಟು ಹೋಯಿತು. ನಾಲ್ಕೂ ಮಗ್ಗ ನಿಂತವು. ಪಕ್ಕದ ಲಕ್ಕಮ್ಮನ ಮನೆಯಲ್ಲಿ ಅವಳ ಮೊಮ್ಮಗ ಎದ್ದು ಅರಚತೊಡಗಿದ. ಎದುರುಮನೆಯಲ್ಲಿ ಇನ್ನೊಂದು. ನಮ್ಮ ತೊಟ್ಟಿಲು ಮಾತ್ರ ಸುಮ್ಮನಿತ್ತು. ಕರೆಂಟಿಲ್ಲದ ಹೊತ್ತಿನಲ್ಲಿ ಮಗ್ಗ ಬಿಗಿ ಮಾಡೋಣವೆಂದು ದೊಡ್ಡ ಸ್ಪ್ಯಾನರ್ ಹಿಡಿದು ನಡುಮನೆ ದಾಟುತ್ತಿದ್ದೆ. ಎಣ್ಣೆಗೈ, ಜಾರಿತು. ತೊಟ್ಟಿಲಿನಿಂದ ಒಂದು ಮೊಳ ಆಚೆ, ಕಲ್ಲುಚಪ್ಪಡಿಯ ಮೇಲೆ ಬಿತ್ತು.

ಅಡುಗೆಮನೆಯಲ್ಲಿ ಕದಿರಮ್ಮ ಪಾತ್ರೆ ಬೀಳಿಸಿದಳು. ಒರಗಿದ್ದ ಅಕ್ಷತ ಬೆಚ್ಚಿ ಎದ್ದು ಕೂತಳು. ಕೂಸಿನ ರೆಪ್ಪೆಯೂ ಅಲುಗಲಿಲ್ಲ.

ಸತ್ತೇಹೋಯಿತೆಂದುಕೊಂಡೆ. ಬಗ್ಗಿ ನೋಡಿದೆ. ಉಸಿರಿತ್ತು, ನಿಧಾನಕ್ಕೆ. ನಾಲಗೆಯ ತುದಿ ಹೊರಗೆ ಚಾಚಿತ್ತು. ಪಾದ ಮುಟ್ಟಿದರೆ ಆ ಬಿಸಿಲಿನಲ್ಲೂ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಅಂಗಿ ಎತ್ತಿದೆ. ಬಲಗಡೆ ಹೊಟ್ಟೆ ಉಬ್ಬಿ ಚರ್ಮ ಹೊಳೆಯುತ್ತಿತ್ತು. ನಾನು ರಾಣಿ ಎಂದು ಊರೆಲ್ಲ ಸಾರಿಕೊಂಡು ಬಂದದ್ದು ಇದನ್ನು. ಅಳಿಯನಿಗೆ ಫೋನು ಮಾಡಿದೆ.

ಗೋವಿಂದರಾಜು ಅರ್ಧ ಪಾಳಿ ಬಿಟ್ಟು ಕಾರು ತಂದ. ಅಂದೇ ಸಂಜೆ ಬೆಂಗಳೂರಿನ ಮಕ್ಕಳ ಆಸ್ಪತ್ರೆಯಲ್ಲಿದ್ದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೂಸಿನ ಬಟ್ಟೆ ಬಿಚ್ಚಿ, ಕೆಂಪು ಚುಕ್ಕೆಗಳನ್ನು ಒಂದೊಂದಾಗಿ ಎಣಿಸಿದರು. ಕದಿರಮ್ಮ ಎಣಿಸಿದಂತೆಯೇ. ಏಳಕ್ಕೆ ಬಂದಾಗ ಅವರ ಮುಖ ಬದಲಾಯಿತು. ಹೊಟ್ಟೆಯ ಮೇಲೆ ಬೆರಳಿಟ್ಟೂ ಇಡದ ಹಾಗೆ ನೋಡಿದರು.

"ಇದನ್ನ ಯಾರಾದ್ರೂ ಒತ್ತಿ ನೀವ್ತಾ ಇದ್ರಾ?"

"ಇಲ್ಲಮ್ಮ. ನೀರು ಹುಯ್ಯೋಳು, ಹೊಟ್ಟೆ ಮುಟ್ಟಬೇಡಿ ಅಂತ ನಂಗೂ ಹೇಳೋಗಿದ್ಲು," ಎಂದಳು ಕದಿರಮ್ಮ. ಪಾಪಕ್ಕ ಹೋಗುವಾಗ ಇದನ್ನು ಹೇಳಿ ಹೋಗಿದ್ದಾಳೆಂದು ನನಗೆ ಅಲ್ಲಿವರೆಗೆ ಗೊತ್ತಿರಲಿಲ್ಲ.

"ಒಳ್ಳೇದಾಯ್ತು. ಜೋರಾಗಿ ಒತ್ತಿದ್ರೆ ಒಳಗೇ ರಕ್ತ ಸುರಿಯೋ ಅಪಾಯ ಇತ್ತು."

ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಮರುದಿನ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಹೇಳಿದರು. ಲಿವರ್ ತುಂಬ ರಕ್ತನಾಳದ ಗಂಟುಗಳು, ಮೈಮೇಲಿನ ಕೆಂಪು ಚುಕ್ಕೆಗಳ ಜಾತಿಯವೇ. ಕ್ಯಾನ್ಸರ್ ಅಲ್ಲ, ವರ್ಷ ಕಳೆಯುತ್ತ ಕರಗುವಂಥವು. ಆದರೆ ಬೆಳೆಯುವಾಗ ಅವು ಮೈಯಲ್ಲಿನ ಥೈರಾಯ್ಡ್ ರಸವನ್ನು ನುಂಗಿಹಾಕುತ್ತವೆ. ಗಂಟಲಿನ ಗ್ರಂಥಿಯ ತಪ್ಪೇನಿಲ್ಲ, ಅದು ಎಷ್ಟು ಸುರಿಸಿದರೂ ಸಾಲುವುದಿಲ್ಲ.

ನಾನು ಜೇಬಿನಿಂದ ಚೀಟಿ ತೆಗೆದೆ. "ಇದ್ರಲ್ಲಿ ಸರಿಯಾಗೈತೆ ಅಂತ ಬರೆದವ್ರಲ್ಲಮ್ಮ."

"ಇದು ಹುಟ್ಟಿದಾಗಿನದು ಯಜಮಾನ್ರೆ. ಆಗ ಸರಿಯಾಗೇ ಇತ್ತು. ಗಂಟು ಬೆಳೆದಿದ್ದು ಆಮೇಲೆ."

"ಈಗ ಔಷಧಿ ಕೊಟ್ರೆ ಸರಿಹೋಗ್ತದಾ?"

"ಗಂಟು ಕರಗೋಕೆ ಒಂದು ಔಷಧಿ. ಥೈರಾಯ್ಡ್ ಮಾತ್ರೆ ಬೇರೆ ಮಕ್ಕಳಿಗಿಂತ ಜಾಸ್ತಿ ಕೊಡ್ಬೇಕು, ಅದನ್ನೂ ಗಂಟು ನುಂಗುತ್ತಲ್ಲ. ಆಗಾಗ ರಕ್ತ ನೋಡ್ತಾ ಇರ್ತೀವಿ." ಅವರು ಅಕ್ಷತಳ ಕಡೆ ನೋಡಿ ದನಿ ತಗ್ಗಿಸಿದರು. "ಮಿದುಳು ಬೆಳೆಯೋಕೆ ಆ ರಸ ಬೇಕು. ಅದು ಇಲ್ಲದೆ ಕಳೆದ ದಿನಗಳಲ್ಲಿ ಏನಾಗಿದೆ ಅಂತ ಈಗ ಹೇಳೋಕಾಗಲ್ಲ. ಮಗು ಕೂತ್ಕೊಬೇಕು, ನಡೀಬೇಕು, ಮಾತಾಡ್ಬೇಕು. ಆಗ ಗೊತ್ತಾಗೋದು."

ಅಕ್ಷತ ನನ್ನ ಕಡೆ ತಿರುಗಲಿಲ್ಲ. ಒಂದು ಮಾತು ಬೈದಿದ್ದರೆ ಹಗುರಾಗುತ್ತಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಆ ಗಾದೆಯನ್ನು ನಾನು ಎಷ್ಟು ಜನರಿಗೆ ಹೇಳಿ ನಕ್ಕಿದ್ದೆ.

ಎರಡು ವಾರದ ಮೇಲೆ ಮನೆಗೆ ಬಂದೆವು. ದಿನಾ ಬೆಳಗ್ಗೆ ಮಾತ್ರೆ ಅರೆದು ಎದೆಹಾಲಿನಲ್ಲಿ ಕದಡಿ ಚಮಚದಲ್ಲಿ ಕುಡಿಸುವುದು ಅಕ್ಷತಳ ಕೆಲಸ. ನನ್ನ ಕೆಲಸ ಒಂದೇ. ಕೂಸು ಮಲಗಿದ ಮೇಲೆ ಮೈನ್ ಸ್ವಿಚ್ ಕೆಳಗೆಳೆಯುವುದು. ಮಗ್ಗಗಳು ನಿಲ್ಲುತ್ತವೆ, ನಾನು ಬಾಗಿಲಲ್ಲಿ ನಿಂತು ಕಾಯುತ್ತೇನೆ. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನವೂ ಇಲ್ಲ. ಎಂಟನೆಯ ದಿನ, ಸದ್ದು ನಿಂತು ಒಂದು ಗಳಿಗೆಗೆ ತೊಟ್ಟಿಲ ಬಟ್ಟೆ ಅಲುಗಿತು. ಮೊದಲು ಒಂದು ಬಿಕ್ಕು, ಆಮೇಲೆ ಅಳು. ಕದಿರಮ್ಮ ದೇವರಿಗೆ ಕೈ ಮುಗಿದಳು. ಅಕ್ಷತ ಕೂಸನ್ನೆತ್ತಿಕೊಂಡು ತಾನೂ ಅತ್ತಳು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ನನ್ನ ಜೊತೆ ಮಾತಾಡಿದಳು.

"ಹೋಗಿ ಪಾಪಕ್ಕನ್ನ ಕರ್ಕೊಂಡ್ ಬಾ ಅಪ್ಪ."

ಹೋದೆ. ಪಾಪಕ್ಕ ಜಗಲಿಯಲ್ಲಿ ಮುನಿಶಾಮಪ್ಪನಿಗೆ ಮುದ್ದೆ ಮುರಿದು, ಸಾರಲ್ಲಿ ಅದ್ದಿ ಬಾಯಿಗಿಡುತ್ತಿದ್ದಳು. ತಪ್ಪಾಯಿತು ಎಂದೆ. ಕೂಸು ಇವತ್ತು ಎದ್ದು ಅತ್ತಿತು ಎಂದೂ ಹೇಳಿದೆ. ಅವಳ ಮುಖ ಅರಳಿತು. ನಾಳೆ ಬರ್ತೀನಿ ಬಿಡಣ್ಣ, ಅಂದಳು.

ಅಷ್ಟಕ್ಕೆ ತಿರುಗಿ ಬರಬಹುದಿತ್ತು. ಆದರೆ ಅವತ್ತು ನಾನು ಅರ್ಧಕ್ಕೇ ತಡೆದ ಮಾತು ಇಷ್ಟೂ ದಿನ ನನ್ನನ್ನು ಕೊರೆಯುತ್ತಿತ್ತು.

"ನೀರಿಗೆ ಅಳದಿರೋ ಕೂಸು ಎರಡು ನೋಡಿದೀನಿ ಅಂದ್ಯಲ್ಲ ಪಾಪಕ್ಕ. ಅವೆರಡೂ ಏನಾದವು?"

ಅವಳು ಕೈಯಲ್ಲಿದ್ದ ತುತ್ತನ್ನು ಮಗನ ಬಾಯಿಗಿಟ್ಟು, ಗಲ್ಲದ ಮೇಲೆ ಇಳಿದ ಸಾರನ್ನು ಬೆರಳಿನಿಂದ ಒರೆಸಿದಳು.

"ಒಂದು ಮೂರು ತಿಂಗಳಿಗೇ ಹೋಯ್ತು. ಇನ್ನೊಂದ ನೀವು ದಿನಾ ಮಾತಾಡುಸ್ತೀರಲ್ಲ ಅಣ್ಣ."

ಮುನಿಶಾಮಪ್ಪ ತುತ್ತು ನುಂಗಿ, ನನ್ನ ಗುರುತು ಹಿಡಿದು, ನಾನು ದಿನಾ ಕೇಳುವುದನ್ನು ಕೇಳಲಿ ಎಂದು ನಗುತ್ತ ಕಾದ.