ರಮಾನಂದರ ಸಭ್ಯ ಬೈಗುಳಗಳು

ಕಾಲಿಗೆ ಕುರ್ಚಿ ತಗುಲಿದರೆ ಲೋಕವೆಲ್ಲ ‘ಅಮ್ಮಾ’ ಎಂದರೆ ರಮಾನಂದರು ‘ಗ್ರೇಟ್ ಸ್ಕಾಟ್!’ ಎನ್ನುತ್ತಿದ್ದರು. ಹಾಲು ಉಕ್ಕಿದರೆ ‘ಗುಡ್ನೆಸ್ ಗ್ರೇಶಸ್’, ಕನ್ನಡಕ ಕಾಣದಿದ್ದರೆ ‘ಬಾದರೇಶನ್’, ಸಂತೋಷ ಮೇರೆ ಮೀರಿದರೆ ‘ಬೈ ಜೋವ್!’ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆಂಗ್ಲೋ-ಇಂಡಿಯನ್ ಮೇಲಧಿಕಾರಿಯೊಬ್ಬರಿಂದ ಕಲಿತದ್ದು. ಸಿಟ್ಟಿನಲ್ಲಿ ದೇವರ ಹೆಸರೆತ್ತಬಾರದೆಂದು ಆ ಮನುಷ್ಯ ‘ಗಾಡ್’ ಎನ್ನಬೇಕಾದಲ್ಲಿ ‘ಗಾಶ್’ ಎನ್ನುತ್ತಿದ್ದುದು ರಮಾನಂದರಿಗೆ ಎಷ್ಟು ಹಿಡಿಸಿತೆಂದರೆ, ಗಣಿ ಮುಚ್ಚಿ ವರ್ಷಗಳುರುಳಿದರೂ ಆ ಉದ್ಗಾರಗಳು ಅವರ ನಾಲಗೆ ಬಿಟ್ಟಿಳಿಯಲಿಲ್ಲ.

ಹೆಂಡತಿ ಚಂದ್ರಮ್ಮನಿಗೆ ಇಂಗ್ಲಿಷ್ ಬಾರದು. ‘ಬೆಳಬೆಳಗ್ಗೆ ಯಾರನ್ನ ಬೈತಾ ಇದ್ದೀರಿ?’ ಎಂದು ಗದರಿದರೆ, ‘ಬೈಗುಳ ಅಲ್ವೇ, ಬೈಗುಳದ ಜಾಗದಲ್ಲಿ ಇಡೋದು’ ಎಂಬ ಸಮಜಾಯಿಷಿ.

ಮಲೇಶಿಯಾದ ಸುಬಾಂಗ್ ಜಯಾದಲ್ಲಿದ್ದ ಮಗಳು ಉಷಾಳ ಮನೆಗೆ ರಮಾನಂದರು ಮೊದಲು ಒಬ್ಬರೇ ಬಂದರು. ತಂಗಿಯ ಆಪರೇಷನ್ ಮುಗಿಸಿಕೊಂಡು ಚಂದ್ರಮ್ಮ ಬೆಂಗಳೂರಿನಿಂದ ಹಿಂದೆಯೇ ಬರುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಕೊರೋನಾ ಬಂದು ವಿಮಾನಗಳು ನಿಂತವು. ಕಸ ಹಾಕಲು ಕೆಳಗಿಳಿಯುವುದಷ್ಟೇ ಹೊರಸಂಚಾರವಾದ ಆ ದಿನಗಳಲ್ಲೂ ರಮಾನಂದರು ಮಾಸ್ಕಿನ ಜೊತೆಗೆ ಬೂದುಬಣ್ಣದ ಕೋಟು ತೊಟ್ಟು, ಒಂದು ಕೈ ಬೆನ್ನಿಗೆ ಕಟ್ಟಿ, ಗಣಿಯ ತಪಾಸಣೆಗೆ ಹೊರಟವರ ಗತ್ತಿನಲ್ಲಿ ನಡೆಯುತ್ತಿದ್ದರು. ‘ತಾತಾ, ನೋಬಡಿ ಟಾಕ್ಸ್ ಲೈಕ್ ದಟ್ ಲಾ!’ ಎಂದು ಮೊಮ್ಮಗ ಆರ್ಯನ್ ಮಲೇಶಿಯಾದವರ ಧಾಟಿಯಲ್ಲಿ ‘ಲಾ’ ಸೇರಿಸಿ ನಗುತ್ತಿದ್ದ. ನಗದವರು ಚಂದ್ರಮ್ಮ ಒಬ್ಬರೇ. ಸಂಜೆ ಫೋನಿನಲ್ಲಿ ಅವರ ಮೊದಲ ಪ್ರಶ್ನೆಯೇ ‘ಇವತ್ತು ಯಾವ್ದು?’ ಗಂಡ ಅಂದಿನ ಉದ್ಗಾರವನ್ನೂ ಅದರ ಕಾರಣವನ್ನೂ ಹೇಳುವರು. ಅಷ್ಟಕ್ಕಾಗಿಯೇ ದಿನವಿಡೀ ಕಾದಿರುವರು.

ಎರಡನೆಯ ಅಲೆಯಲ್ಲಿ ಚಂದ್ರಮ್ಮ ಆಸ್ಪತ್ರೆ ಸೇರಿದರು. ನರ್ಸೊಬ್ಬಳು ಫೋನು ಹಿಡಿದು ಮುಖ ತೋರಿಸಿದಾಗ ರಮಾನಂದರು ಕನ್ನಡಕ ಒರೆಸಿಕೊಂಡು ನೋಡುತ್ತಲೇ ಇದ್ದರು. ಆಮ್ಲಜನಕದ ಮುಸುಕಿನೊಳಗಿಂದ ಚಂದ್ರಮ್ಮನೇ ಕೇಳಿದರು: ‘ಯಾಕ್ರೀ ಸುಮ್ನಿದ್ದೀರಿ? ಇವತ್ತು ಯಾವ್ದು?’

‘ಬೈ ಜೋವ್, ಚಂದ್ರಾ! ಎಷ್ಟು ಲಕ್ಷಣವಾಗಿ ಕಾಣ್ತಿದ್ದೀಯೇ!’

ಮುಸುಕಿನೊಳಗೆ ಆಕೆ ನಕ್ಕದ್ದು ಕಣ್ಣಿನಲ್ಲಿ ಕಂಡಿತು. ಮರುದಿನ ಹೋಗಿಬಿಟ್ಟರು. ಚಿತೆಯನ್ನೂ ಫೋನಿನಲ್ಲೇ ನೋಡಬೇಕಾಯಿತು.

ರಮಾನಂದರು ಬಾಲ್ಕನಿಗೆ ಹೋಗಿ ಕಂಬಿ ಹಿಡಿದು ನಿಂತರು. ವಿಧಿಯನ್ನು ಬಾಯಿತುಂಬ ಶಪಿಸಬೇಕೆನಿಸಿತು. ಗಣಿಯ ಪಾತಾಳದಲ್ಲಿ ಕೇಳಿದ ಒರಟು ಮಾತುಗಳೆಲ್ಲ ಅವರಿಗೆ ಗೊತ್ತಿದ್ದವು. ಹಿಂದೆಯೇ ಬಂದ ಉಷಾಳಿಗೆ ಕೇಳಿಸಿದ್ದು ಮಾತ್ರ ‘ಬಾದರೇಶನ್... ಬಾದರೇಶನ್...’ ‘ಅಪ್ಪಾ, ಜೋರಾಗಿ ಅತ್ಬಿಡಿ’ ಎಂದು ಆಕೆ ತಬ್ಬಿಕೊಂಡಳು.

ಕಟುವಾದ ಪ್ರತಿಯೊಂದಕ್ಕೂ ಮೆತ್ತನೆಯ ಬದಲಿಯನ್ನು ಹುಡುಕಿಟ್ಟುಕೊಂಡು ಬದುಕಿದ ಸಜ್ಜನರ ಪಂಗಡವೊಂದಿದೆ. ಬದುಕಿನ ಸಣ್ಣಪುಟ್ಟ ಏಟುಗಳಿಗೆಲ್ಲ ಅವರ ಬಳಿ ಒಂದೊಂದು ಚೆಂದದ ಶಬ್ದವಿರುತ್ತದೆ. ದೊಡ್ಡ ಏಟು ಬಿದ್ದಾಗ ದೇವರನ್ನು ಬೈಯಲೂ ಬಾರದೆ, ಅವರು ಆ ದುಃಖವನ್ನು ಅತ್ಯಂತ ಸೌಜನ್ಯದಿಂದ, ಒಬ್ಬರೇ ಹೊತ್ತು ನಡೆಯುತ್ತಾರೆ.