ಅರ್ಧ ಕ್ಲಾಸು ಹೊರಗೆ

ಸಾಲಾಗಿದ್ದ ಕುರ್ಚಿಗಳನ್ನು ಹಳೆಯ ವಿದ್ಯಾರ್ಥಿಗಳು ಎಳೆದು ಎಳೆದು ಗುಂಡಗೆ ಜೋಡಿಸುತ್ತಿದ್ದರು. ವಿದ್ಯುತ್ ಚಿತಾಗಾರದ ಮೇಲ್ವಿಚಾರಕ ಓಡಿಬಂದ. ಇನ್ನೊಂದು ಹೆಣದವರು ಬರುವಷ್ಟರಲ್ಲಿ ಇದನ್ನೆಲ್ಲ ಮೊದಲಿನ ಹಾಗೆ ಯಾರು ಇಡುತ್ತಾರೆ ಎಂದು ಗೊಣಗಿದ.

"ನಾವೇ ಇಟ್ಟು ಹೋಗ್ತೀವಿ ಬಿಡಣ್ಣ," ಎಂದಳು ಕುರ್ಚಿ ಎಳೆಯುತ್ತಿದ್ದ ಹೆಂಗಸು. "ನಮ್ಮ ಮೇಷ್ಟ್ರಿಗೆ ಸಾಲು ಕಂಡ್ರೆ ಆಗ್ತಿರಲಿಲ್ಲ. ಸಾಲಲ್ಲಿ ಕೂತವನು ಮುಂದಿನವನ ಬೆನ್ನು ಬಿಟ್ಟು ಬೇರೇನೂ ಕಲಿಯಲ್ಲ ಅಂತಿದ್ರು."

ಮೇಷ್ಟ್ರು ಆ ಕುರ್ಚಿಗಳ ನಡುವೆ ಮಲಗಿದ್ದರು. ಡಿಗ್ರಿ ಕಾಲೇಜಿನಲ್ಲಿ ಸೈಕಾಲಜಿ ಕಲಿಸುತ್ತಲೇ ತಲೆ ಹಣ್ಣು ಮಾಡಿಕೊಂಡವರು, ಆದರೆ ಒಂದು ದಿನವೂ ಗಂಟೆಯಿಡೀ ನಿಂತು ಪಾಠ ಹೇಳಿದವರಲ್ಲ. ಎಲ್ಲವನ್ನೂ ಹುಡುಗರ ಕೈಯಲ್ಲೇ ಮಾಡಿಸಿ ನೋಡಬೇಕು. ನೆನಪಿನ ಪಾಠದ ದಿನ ಯಾರೋ ಅಪರಿಚಿತ ಕ್ಲಾಸಿಗೆ ನುಗ್ಗಿ ಮೇಷ್ಟ್ರ ಚೀಲ ಕಿತ್ತುಕೊಂಡು ಓಡಿದ್ದ. ಅವನ ಅಂಗಿ ಯಾವ ಬಣ್ಣ ಎಂದು ಮೇಷ್ಟ್ರು ನಿಧಾನವಾಗಿ ಕೇಳಿದಾಗ, ಕಣ್ಣಾರೆ ಕಂಡವರೇ ಒಬ್ಬೊಬ್ಬರು ಒಂದೊಂದು ಬಣ್ಣ ಹೇಳಿ ಜಗಳಕ್ಕೆ ಬಿದ್ದಿದ್ದರು. ಯಾರು ಏನು ಕೇಳಿದರೂ ಅವರದು ಒಂದೇ ಮಾತು, ನೀನೇನಂತೀಯ? ಅದೇ ಅವರ ಅಡ್ಡಹೆಸರಾಗಿತ್ತು. ಒಬ್ಬ ಎದ್ದು ನಿಂತು ಹೊರಗೆ ಹೋಗಲೇ ಸರ್ ಎಂದು ಕೇಳಿದ್ದನಂತೆ. ನೀನೇನಂತೀಯ ಎಂದರಂತೆ ಇವರು. ಅವನು ಚೆನ್ನಾಗಿ ಯೋಚನೆ ಮಾಡಿ ಸಿನಿಮಾಕ್ಕೆ ಹೋದನಂತೆ.

ಎಲ್ಲರೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಮೇಷ್ಟ್ರು ಒಂದು ಉತ್ತರವನ್ನೂ ಕೈಗೆ ಕೊಡಲಿಲ್ಲ, ಅದಕ್ಕೇ ಕಲಿತದ್ದು ಇನ್ನೂ ಉಳಿದಿದೆ ಎಂದ ಒಬ್ಬ.

ಗೋಡೆಗೆ ಒರಗಿ ನಿಂತಿದ್ದ ಮೇಷ್ಟ್ರ ಮಗ ನಗಲಿಲ್ಲ. ಲಿಫ್ಟ್ ರಿಪೇರಿಯವನು, ಇಷ್ಟು ಓದಿದವರ ನಡುವೆ ಯಾರಿಗೂ ಅವನ ಗುರುತಿರಲಿಲ್ಲ. ಅವನು ಮೆಲ್ಲಗೆ ಹೊರಗಿನ ವರಾಂಡಕ್ಕೆ ಬಂದ.

* * *

ಆಗ ಅವನಿಗೆ ಒಂಬತ್ತು, ತಂಗಿಗೆ ಮೂರು. ಮಗು ನೋಡ್ಕೋ ಎಂದು ಅಮ್ಮ ಒಲೆಯ ಮುಂದಿನಿಂದಲೇ ಕೂಗಿದ್ದಳು. ಮಗು ಅಂಗಳದಲ್ಲಿ ಆಡುತ್ತಿತ್ತು. ಪಕ್ಕದ ಮನೆ ಹುಡುಗ ಹೊಸ ಸೈಕಲ್ ತಂದಿದ್ದ. ಇವನು ಕಾಂಪೌಂಡಿನ ಗೋಡೆ ಹತ್ತಿ ಅದನ್ನು ನೋಡುತ್ತ ಕೂತ. ಗೇಟು ಎಂದಿನಂತೆ ಹಾಕಿದೆ ಎಂದುಕೊಂಡ. ರಸ್ತೆಯಲ್ಲಿ ನೀರಿನ ಲಾರಿ ಹಿಂದಕ್ಕೆ ಬರುತ್ತಿತ್ತು.

ಸಾವಿನ ಮನೆಗೆ ಬಂದುಹೋಗುವವರು ಕಡಿಮೆಯಾದ ಮೇಲೆ ಒಂದು ಸಂಜೆ ಅವನು ಅಪ್ಪನ ಹತ್ತಿರ ಹೋದ. ಅಪ್ಪ ಮಂಚದ ಅಂಚಿನಲ್ಲಿ ಕೂತಿದ್ದರು.

"ಅಪ್ಪಾ, ನನ್ನಿಂದಾನಾ?"

ಅಪ್ಪ ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಅಭ್ಯಾಸಬಲದಿಂದ ನಾಲಿಗೆಗೆ ಬಂದದ್ದು ಒಂದೇ.

"ನೀನೇನಂತೀಯ, ಮಗಾ?"

ಒಂಬತ್ತು ವರ್ಷದ ಹುಡುಗ ಏನಂತಾನೆ? ಅಪ್ಪ ಇಲ್ಲ ಅನ್ನಲಿಲ್ಲ, ಹಾಗಾದರೆ ಹೌದು ಎಂದುಕೊಂಡ. ಬಾಯಾರಿ ಬಂದವನಿಗೆ ಬಾವಿ ತೋಡುವುದನ್ನು ಕಲಿಸಲು ಹೊರಟ ಹಾಗಾಯಿತು. ಮತ್ತೆ ಅವನು ಕೇಳಲಿಲ್ಲ, ಅವರು ಹೇಳಲಿಲ್ಲ.

ಅವನು ದೊಡ್ಡವನಾಗಿ ಬೇರೆ ಮನೆ ಮಾಡಿದ ಮೇಲೆ, ವರ್ಷಕ್ಕೊಮ್ಮೆ ಅಪ್ಪ ಫೋನ್ ಮಾಡುತ್ತಿದ್ದರು. ನಾಳೆ ಒಂದು ಗಂಟೆ ಬಿಡುವು ಮಾಡ್ಕೊಂಡು ನನ್ನ ಕ್ಲಾಸಿಗೆ ಬಾ, ಹಿಂದಿನ ಬೆಂಚಲ್ಲಿ ಕೂತಿದ್ರೆ ಸಾಕು ಎನ್ನುತ್ತಿದ್ದರು. ಎಲ್ಲೋ ಲಿಫ್ಟ್ ನಿಂತುಹೋಗಿದೆ, ಒಳಗೆ ಜನ ಸಿಕ್ಕಿಕೊಂಡಿದ್ದಾರೆ ಎನ್ನುತ್ತಿದ್ದ ಅವನು. ಕೆಲವು ಸಲ ಅದು ನಿಜವೂ ಆಗಿತ್ತು. ಮನೆಯಲ್ಲಿ ಒಂದು ಮಾತು ಆಡಲಾರದವರು ಕ್ಲಾಸಿನಲ್ಲಿ ಏನು ಆಡಿಯಾರು ಎಂಬ ಸಿಟ್ಟು ಅವನಿಗೆ.

* * *

ಕುರ್ಚಿ ಎಳೆಯುತ್ತಿದ್ದ ಹೆಂಗಸು ನೀರು ಹುಡುಕಿಕೊಂಡು ವರಾಂಡಕ್ಕೆ ಬಂದಳು. ಈಗ ಅವಳೂ ಬೇರೆ ಊರಿನ ಕಾಲೇಜಿನಲ್ಲಿ ಅದೇ ಪಾಠ ಮಾಡುವ ಲೆಕ್ಚರರ್. ನೀವು ಸಂಬಂಧಿಕರಾ ಎಂದು ಕೇಳಿದಳು. ಮನೆ ಕಡೆಯವನು ಎಂದಷ್ಟೇ ಹೇಳಿದ.

ಅಳು ಬಂದವರಿಗೆ ಮಾತಾಡಲು ಯಾರಾದರೂ ಬೇಕು. ಒಳಗಿರುವವರೆಲ್ಲ ಚೀಲ ಕದ್ದ ಕತೆಯನ್ನೇ ಹೇಳುತ್ತಾರೆ, ನನ್ನ ಮನಸ್ಸಲ್ಲಿ ನಿಂತದ್ದು ಬೇರೆ ಕ್ಲಾಸು ಎಂದು ಶುರುಮಾಡಿದಳು. ಆ ಕ್ಲಾಸಿನಲ್ಲಿ ಮೇಷ್ಟ್ರು ಒಂದು ಕತೆ ಹೇಳುತ್ತಿದ್ದರಂತೆ. ಒಬ್ಬ ಹುಡುಗ, ಅಂಗಳದಲ್ಲಿ ಆಡುವ ತಂಗಿ, ಪಕ್ಕದ ಮನೆಗೆ ಬಂದ ಹೊಸ ಸೈಕಲ್. ಅಲ್ಲಿಗೆ ನಿಲ್ಲಿಸಿ ಅರ್ಧ ಕ್ಲಾಸನ್ನು ಹೊರಗೆ ಕಳಿಸುತ್ತಿದ್ದರು. ಒಳಗೆ ಉಳಿದವರಿಗೆ ಮಾತ್ರ ಕೊನೆ ಏನಾಯಿತೆಂದು ಹೇಳಿ, ಹೊರಗಿನವರನ್ನು ಕರೆದು, ಹುಡುಗ ಮಾಡಿದ್ದು ತಪ್ಪೇ ಎಂದು ಎಲ್ಲರನ್ನೂ ಕೇಳುತ್ತಿದ್ದರು. ಕೊನೆ ಗೊತ್ತಿದ್ದವರು, ಹೀಗಾಗುತ್ತೆ ಅಂತ ಯಾರಿಗಾದರೂ ತಿಳಿಯುತ್ತಿತ್ತು, ಅವನದೇ ತಪ್ಪು ಎಂದು ಹಾರಾಡುತ್ತಿದ್ದರು. ಮುಗಿದ ಮೇಲೆ ಎಲ್ಲರೂ ಜಾಣರೇ ಅನ್ನುವುದು ಆ ಜಗಳದಲ್ಲಿ ನಮಗೇ ಹೊಳೆಯಿತು ಎಂದಳು.

ಅವನು ವರಾಂಡದ ಕಂಬಿ ಹಿಡಿದುಕೊಂಡ.

"ನೀವು ಒಳಗಿದ್ರಾ, ಹೊರಗಾ?"

"ಹೊರಗೆ."

"ಏನಂದ್ರಿ?"

"ಏನನ್ನೋದು? ಸೈಕಲ್ ನೋಡ್ತಾ ಕೂತ ಹುಡುಗ, ಅಷ್ಟೇ ತಾನೆ. ಅವನದೇನು ತಪ್ಪು ಅಂದೆ. ಹೊರಗಿದ್ದವರೆಲ್ಲ ಅದನ್ನೇ ಅಂದ್ವಿ. ಪ್ರತಿ ವರ್ಷಾನೂ ಹಾಗೇ ಅಂತಿದ್ರಂತೆ."

ಪ್ರತಿ ವರ್ಷ. ಆ ಫೋನುಗಳು ಅವನ ಕಿವಿಯಲ್ಲಿ ಒಂದೊಂದಾಗಿ ಮೊಳಗಿದವು.

ಅವಳು ನೀರು ಕುಡಿದು ಬಾಯಿ ಒರೆಸಿಕೊಂಡಳು. "ಆ ಕತೇಲಿ ಒಬ್ಬ ಅಪ್ಪನೂ ಬರ್ತಾನೆ. ಎರಡೂ ಕೈತುಂಬಾ ಉತ್ತರ ಪತ್ರಿಕೆ ಹಿಡ್ಕೊಂಡು ಕಾಲೇಜಿಂದ ಬಂದು, ಗೇಟನ್ನ ಕಾಲಲ್ಲಿ ತಳ್ಳಿ ಒಳಗೆ ಹೋಗ್ತಾನೆ. ಚಿಲಕ ಹಾಕಲ್ಲ. ಅವನ ಬಗ್ಗೆ ನಾವು ಯಾರೂ ಕೇಳಲೇ ಇಲ್ಲ. ಬೆಲ್ ಹೊಡೆದ ಮೇಲೂ ಮೇಷ್ಟ್ರು ಹಾಗೇ ನಿಂತಿದ್ರು, ಯಾರಾದ್ರೂ ಕೇಳ್ತಾರೇನೋ ಅನ್ನೋ ಹಾಗೆ. ಈಗ ನನ್ನ ಕ್ಲಾಸಲ್ಲೂ ಅದನ್ನೇ ಮಾಡಿಸ್ತೀನಿ. ಅಲ್ಲೂ ಯಾರೂ ಕೇಳಲ್ಲ." ಅವನ ಕಡೆ ತಿರುಗಿದಳು. "ನೀವೇನಂತೀರಿ? ಅಪ್ಪನ ತಪ್ಪು ಅಂತೀರಾ?"

ಅವನಿಗೆ ಮಂಚದ ಅಂಚಿನಲ್ಲಿ ತೆರೆದು ಮುಚ್ಚಿದ ಆ ಬಾಯಿ ಕಂಡಿತು. ನಿನ್ನಿಂದ ಅಲ್ಲ ಎಂದಿದ್ದರೆ, ಅದರ ಬೆನ್ನಿಗೇ ನನ್ನಿಂದ ಎಂದೂ ಹೇಳಬೇಕಾಗುತ್ತಿತ್ತು.

"ಕೈತುಂಬಾ ಇತ್ತಲ್ಲಮ್ಮ," ಎಂದ. "ಇನ್ನೇನು ಮಾಡ್ತಾರೆ ಪಾಪ."

ಬಾಗಿಲಲ್ಲಿ ಅಮ್ಮ ಕಾಣಿಸಿಕೊಂಡಳು. "ಬಾ ಮಗಾ, ಹೊತ್ತಾಯ್ತಂತೆ. ಅಪ್ಪನ್ನ ನೀನೇ ಕಳಿಸಿಕೊಡಬೇಕು."

ಲೆಕ್ಚರರ್ ಅವನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು, ಮತ್ತೆ ಅವನ ಮುಖ ನೋಡಿದಳು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತಳು.

"ಅಮ್ಮಾ, ಗೇಟು..." ಎಂದ ಅವನು.

ಅಮ್ಮನಿಗೆ ಮುಂದಿನ ಮಾತು ಬೇಕಾಗಲಿಲ್ಲ. "ನನಗೆ ಅವತ್ತೇ ಹೇಳಿದ್ರು. ಅವನಿಗೂ ಹೇಳಿಬಿಡ್ರೀ ಅಂತಲೇ ಇದ್ದೆ. ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಿದಾರೆ ಅಂದ್ಕೋತಾನೆ, ಕ್ಲಾಸಿಗೆ ಬಂದು ತಾನೇ ಕಂಡುಕೊಳ್ಳಲಿ ಅಂದ್ರು. ಆ ಕ್ಲಾಸಿನ ದಿನ ಮನೆಗೆ ಬಂದರೆ ಊಟ ಬೇಡ ಅಂತ ಮಲಗಿಬಿಡೋರು." ಅವನ ತೋಳು ಹಿಡಿದಳು. "ನೀನೂ ಬರಲಿಲ್ಲ."

ಒಳಗಿನ ಸಣ್ಣ ಕೋಣೆಯಲ್ಲಿ ಅಪ್ಪನನ್ನು ಹಳಿಯ ಮೇಲಿನ ಗಾಡಿಯಲ್ಲಿ ಮಲಗಿಸಿದ್ದರು. ಮೇಲ್ವಿಚಾರಕ ಗುಂಡಿ ಒತ್ತಿದ. ಗಾಡಿ ಸದ್ದಿಲ್ಲದೆ ಕುಲುಮೆಯೊಳಗೆ ಸರಿಯಿತು, ಉಕ್ಕಿನ ಬಾಗಿಲು ಎರಡೂ ಕಡೆಯಿಂದ ಮುಚ್ಚತೊಡಗಿತು. ಅಪ್ಪನಿಗೆ ಇನ್ನೂ ಒಂದು ಮಾತು ಹೇಳುವುದಿತ್ತು. ಓಡಿಬರುವವರಿಗಾಗಿ ಲಿಫ್ಟ್ ತಡೆಯುವವನ ಹಾಗೆ ಅವನ ಕೈ ತಾನಾಗಿಯೇ ಬಾಗಿಲ ಸಂದಿಗೆ ಚಾಚಿತು.

ಮೇಲ್ವಿಚಾರಕ ಗದರಲಿಲ್ಲ. ಮಣಿಕಟ್ಟು ಹಿಡಿದು ಮೆಲ್ಲಗೆ ಹಿಂದಕ್ಕೆ ತಂದ.

"ಈ ಬಾಗಿಲು ಕೈ ಅಡ್ಡ ಇಟ್ಟರೆ ನಿಲ್ಲೋದಲ್ಲಣ್ಣ," ಎಂದ.